ಬೀಗ ಪಿಕ್ಕಿಂಗ್ ಶುರು ಮಾಡೋಕೆ 24 ಪೀಸಿನ ಸೆಟ್ ಬೇಕಾ? ಹೊಸಬನಿಗೆ ಸ್ವಲ್ಪ ಹೇಳಿ

ಗಿರಿನಗರದ_ಗಿರಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಬೀಗ ಪಿಕ್ ಮಾಡುವ, ಅಂದರೆ ಕೀ ಇಲ್ಲದೆ ಸಣ್ಣ ಕಡ್ಡಿಗಳಿಂದ (ಪಿಕ್) ಬೀಗ ತೆಗೆಯುವ ವಿಡಿಯೋ ನೋಡುತ್ತಾ ಕೂತಿದ್ದೇನೆ. ಈಗ ಕೈ ತುರಿಸುತ್ತಿದೆ. ಆನ್‌ಲೈನ್‌ನಲ್ಲಿ 24 ಪೀಸಿನ ಒಂದು ಸೆಟ್ ಸಿಗುತ್ತಿದೆ. ಜೊತೆಗೆ ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಬೀಗ ಫ್ರೀ. ಎಲ್ಲ ಸೇರಿ ಸಾವಿರದ ಒಳಗೆ. ಇನ್ನೊಂದು ಕಡೆ ನೋಡಿದರೆ ತುದಿ ಬಾಗಿದ ಒಂದೇ ಒಂದು ಪಿಕ್ಕಿಗೆ, ಅಂದರೆ ಹುಕ್ಕಿಗೆ, ಅದರ ಅರ್ಧ ಬೆಲೆ ಹೇಳುತ್ತಾರೆ. ಯಾಕಿಷ್ಟು ವ್ಯತ್ಯಾಸ ಅಂತಲೇ ಅರ್ಥವಾಗುತ್ತಿಲ್ಲ.

ಅಟ್ಟದ ಮೇಲೆ ಅಜ್ಜನ ಕಾಲದ ಒಂದು ದೊಡ್ಡ ಹಿತ್ತಾಳೆ ಬೀಗ ಇದೆ. ಮೇಲೆ ಏಳು ಲಿವರ್ ಅಂತ ಕೊರೆದಿದೆ. ಅದರಲ್ಲೇ ಕಲಿಯೋಣ ಅಂತಿದ್ದೇನೆ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಕಳ್ಳರ ಕಸುಬು ನಿನಗ್ಯಾಕೆ ಅಂತ ಬೈಯುವುದು ಗ್ಯಾರಂಟಿ.

ಹಳೇಬೀಗ (ಮೈಸೂರು)

ಗಿರಿ, ಮೊದಲು ಅಜ್ಜನ ಬೀಗವನ್ನು ವಾಪಸ್ ಅಟ್ಟಕ್ಕೆ ಹಾಕಿ. ನೀವು ನೋಡಿರುವ ಸೆಟ್ಟಿನ 24 ಪೀಸೂ ಅದರ ಮುಂದೆ ಕಿವಿಗುಗ್ಗೆ ತೆಗೆಯುವ ಕಡ್ಡಿಗೆ ಸಮ.

ಆ ಸೆಟ್‌ಗಳೆಲ್ಲ ಪಿನ್ ಟಂಬ್ಲರ್ ಬೀಗಕ್ಕೆ ಅಂತ ಮಾಡಿದವು. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ತೆಗೆದುಕೊಂಡ ಮಾದರಿ ಅದು. ಚಪ್ಪಟೆ ಕೀ, ಒಂದು ಅಂಚಿನ ಉದ್ದಕ್ಕೂ ಗುಡ್ಡ, ಕಣಿವೆ. ಒಳಗೆ ಸಾಲಾಗಿ ನಾಲ್ಕೋ ಐದೋ ತೂತು. ಒಂದೊಂದು ತೂತಿನಲ್ಲೂ ಎರಡು ಪಿನ್, ಅವುಗಳ ಬೆನ್ನಿಗೆ ಒಂದು ಸ್ಪ್ರಿಂಗ್. ಸರಿಯಾದ ಕೀ ಹೋದಾಗ ಎರಡು ಪಿನ್ನುಗಳು ಕೂಡುವ ಜಾಗ ಎಲ್ಲ ತೂತಿನಲ್ಲೂ ಒಂದೇ ಮಟ್ಟಕ್ಕೆ ಬರುತ್ತದೆ, ಪ್ಲಗ್, ಅಂದರೆ ಕೀ ಹೋಗುವ ನಡುವಿನ ಉರುಳೆ, ತಿರುಗುತ್ತದೆ.

ಲಿವರ್ ಬೀಗದ ಸಂಸಾರವೇ ಬೇರೆ. ಅದರಲ್ಲಿ ಪಿನ್ನೇ ಇಲ್ಲ. ತೆಳ್ಳನೆ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಪ್ರತಿ ತಗಡನ್ನೂ ಅದರದರ ಎತ್ತರಕ್ಕೆ ಎತ್ತಿದರೆ ಮಾತ್ರ ಬೋಲ್ಟು ಸರಿಯುತ್ತದೆ. ಅದಕ್ಕೆ ಟೂಲೂ ಬೇರೆ: ಬೋಲ್ಟಿಗೆ ಒತ್ತಡ ಕೊಡಲು ಒಂದು ದಪ್ಪ ತುಂಡು, ತಗಡು ಎತ್ತಲು ತಂತಿಯಂಥದ್ದು ಇನ್ನೊಂದು. ಒಂದೊಂದು ಬೀಗದ ಅಳತೆಗೂ ಅದನ್ನು ಬೇರೆ ಬೇರೆ ಮಾಡಿಕೊಳ್ಳಬೇಕು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದ ಹೊತ್ತಿಗೆ ಅಮೆರಿಕದಿಂದ ಬಂದ ಹಾಬ್ಸ್ ಅನ್ನುವವನು ಚಬ್ ಕಂಪನಿಯ ಲಿವರ್ ಬೀಗವನ್ನು 25 ನಿಮಿಷದಲ್ಲಿ ತೆಗೆದ. ಅದೇ ಹಾಬ್ಸ್‌ಗೆ ಬ್ರಾಮಾ ಅನ್ನುವ ಇನ್ನೊಂದು ಕಂಪನಿಯ ಬೀಗ ತೆಗೆಯಲು 16 ದಿನಗಳಲ್ಲಿ ಹಂಚಿ 51 ಗಂಟೆ ಹಿಡಿಯಿತು. ಅದಕ್ಕೆ ಬೇಕಾದ ಉಪಕರಣವನ್ನೂ ಅವನೇ ಸಿದ್ಧ ಮಾಡಿಕೊಂಡಿದ್ದ. ಬೀಗ ನೋಡಿ ಟೂಲ್ ಆರಿಸಬೇಕು. ನೀವು ಟೂಲ್ ಕೊಂಡು ಬೀಗ ಹುಡುಕಲು ಹೊರಟಿದ್ದೀರಿ, ಅಷ್ಟೇ ತಪ್ಪು.

ನಮ್ಮ ಕಡೆ ಇದು ಜಾಸ್ತಿ ಆಗುತ್ತದೆ. ವಿಡಿಯೋದವರು ಅಮೆರಿಕದ ಬೀಗ ತೋರಿಸುತ್ತಾರೆ. ನಮ್ಮ ಮನೆಯಲ್ಲಿ ಇರುವುದು ನವ್‌ತಾಳ್, ಇಲ್ಲವೇ ಅಲಿಗಢದ ಲಿವರ್ ಬೀಗ. ನನ್ನ ಹತ್ತಿರ ದಿಂಡಿಗಲ್ಲಿನ ಒಂದು ಕೈಕೆಲಸದ ಬೀಗವೂ ಇದೆ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತಲ್ಲ, ಅದೇ. ಮೂರು ವರ್ಷದಿಂದ ನನ್ನನ್ನು ನೋಡಿ ನಗುತ್ತಿದೆ.

ಧಾರವಾಡದ_ಕೀಲಿ

ಒಂದು ಸಣ್ಣ ತಕರಾರು. ನಮ್ಮ ಕಡೆ ಕೀಲಿ ಅಂದರೆ ಬೀಗ, ಮೈಸೂರು ಕಡೆಯವರಿಗೆ ಕೀಲಿ ಅಂದರೆ ಬೀಗದ ಕೈ. ಹೋದ ಸಲ ಒಬ್ಬರು ಕೀಲಿ ಕಳಿಸಿ ಅಂದರು ಅಂತ ನಾನು ಅರ್ಧ ಕಿಲೋದ ಬೀಗವನ್ನೇ ಕೊರಿಯರ್ ಮಾಡಿದ್ದೆ. ದಯವಿಟ್ಟು ಎಲ್ಲರೂ ಬೀಗ, ಕೀ ಅಂತಲೇ ಬರೆಯೋಣ.

ಗಿರಿ, ಆ 24 ಪೀಸಿನ ಸೆಟ್ಟನ್ನೇ ನಾನು ಮೊದಲು ಕೊಂಡಿದ್ದು. ಅದರಲ್ಲಿ ಇವತ್ತಿಗೂ ಉಪಯೋಗಿಸುವುದು ಚೀಲ ಮಾತ್ರ. ಹುಕ್ಕುಗಳ ಅಂಚು ತಗಡು ಕತ್ತರಿಸಿದ ಹಾಗೇ ಇತ್ತು, ಪಿನ್ನಿನ ಮೇಲೆ ಗರಗರ ಅನ್ನುತ್ತಿತ್ತು. ಪಿನ್ ಅಲುಗಿತೋ ಪಿಕ್ ಉಜ್ಜಿತೋ ತಿಳಿಯುತ್ತಲೇ ಇರಲಿಲ್ಲ. ಟೆನ್ಷನ್ ಟೂಲ್ (ಪಿಕ್ ಮಾಡುವಾಗ ಪ್ಲಗ್ಗನ್ನು ತಿರುಗುವ ಕಡೆಗೆ ಒತ್ತಿ ಹಿಡಿಯುವ ಪಟ್ಟಿ) ಅಂತ ಕೊಟ್ಟಿದ್ದು ಎರಡು, ಎರಡೂ ಒತ್ತಿದರೆ ಬಾಗುತ್ತಿದ್ದವು.

ಸುಮ್ನೆ_ಕೆರೆಯೋನು (ಮಂಗಳೂರು)

ಎಲ್ಲರೂ ಹುಕ್ಕು ಹುಕ್ಕು ಅಂತೀರಿ. ನಾನು ರೇಕಿನ ಪರ, ಅಂದರೆ ಎಲ್ಲ ಪಿನ್ನನ್ನೂ ಒಟ್ಟಿಗೆ ಕೆರೆಯುವ, ಅಲೆಯಂಥ ತುದಿಯ ಪಿಕ್ಕಿನ ಪರ. ಒಂದು ಬೊಗೋಟಾ ರೇಕ್ ತೆಗೆದುಕೊಳ್ಳಿ, ಒಳಗೆ ಹಾಕಿ ಹಗುರಾಗಿ ಕೆರೆಯಿರಿ, ಅಗ್ಗದ ಬೀಗ ಹತ್ತು ಸೆಕೆಂಡಿನಲ್ಲಿ ತೆಗೆಯುತ್ತದೆ. ಮೊದಲ ದಿನ ಒಂದು ಬೀಗ ತೆಗೆದ ಖುಷಿ ಸಿಗದಿದ್ದರೆ ಎರಡನೇ ದಿನ ಯಾರು ಕೂರುತ್ತಾರೆ ಹೇಳಿ?

ಹಳೇಬೀಗ (ಮೈಸೂರು)

ಖುಷಿ ಸಿಗುತ್ತದೆ, ಒಪ್ಪಿದೆ. ಆದರೆ ಯಾಕೆ ತೆಗೆಯಿತು ಅಂತ ಕೇಳಿದರೆ ಉತ್ತರ ಇಲ್ಲ. ಎರಡನೇ ಬೀಗ ತೆಗೆಯದಿದ್ದಾಗ ಯಾಕೆ ತೆಗೆಯಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲ. ಒಂದು ರೇಕ್ ಇರಲಿ, ಬೇಡ ಅನ್ನಲ್ಲ. ಒಗ್ಗರಣೆಗೆ ಇಂಗಿನ ಹಾಗೆ.

ಹ್ಯಾಂಬರ್ಗ್_ಸುಮಾ

ನಾನು ಕೆಲಸಕ್ಕೆ ಅಂತ ಜರ್ಮನಿಗೆ ಬಂದು ಈ ಹುಚ್ಚು ಹಿಡಿಸಿಕೊಂಡವಳು. ಇಲ್ಲಿ ಇದಕ್ಕೆ ಕ್ಲಬ್ಬುಗಳೇ ಇವೆ. ಎಸ್‌ಎಸ್‌ಡಿಇವಿ ಅನ್ನುವ ಸಂಘ 1997ರಲ್ಲಿ ಇದೇ ಹ್ಯಾಂಬರ್ಗ್‌ನಲ್ಲಿ ಶುರುವಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಟೂಲ್ (TOOOL) ಅಂತಲೇ ಹೆಸರಿನ ಇನ್ನೊಂದು ಸಂಘ. ಲಾಸ್ ವೇಗಸ್‌ನ ಡೆಫ್‌ಕಾನ್ ಅನ್ನುವ ಹ್ಯಾಕರ್‌ಗಳ ಸಮ್ಮೇಳನಕ್ಕೆ ಹೋದರೆ ಅಲ್ಲಿ ಬೀಗ ಪಿಕ್ ಮಾಡಲು ಪ್ರತ್ಯೇಕ ಜಾಗವೇ ಇರುತ್ತದೆ. ಎಲ್ಲಿ ಹೋದರೂ ಮೊದಲು ಹೇಳುವುದು ಎರಡೇ ನಿಯಮ: ನಿಮ್ಮದಲ್ಲದ ಬೀಗ ಮುಟ್ಟಬೇಡಿ, ನಿಮ್ಮದೇ ಆದರೂ ಬಳಕೆಯಲ್ಲಿರುವ ಬೀಗ ಮುಟ್ಟಬೇಡಿ.

ಟೂಲಿನ ವಿಷಯಕ್ಕೆ ಬರುತ್ತೇನೆ. ನಾನು ಮೊದಲ ಸಲ ಹೋದಾಗ ಪಕ್ಕದಲ್ಲಿ ಕೂತ ಅಜ್ಜ ನನ್ನ ಚೀಲ ತೆರೆದು ನೋಡಿ, ಒಂದು ಚಿಕ್ಕ ಹುಕ್ ಆರಿಸಿ ಕೊಟ್ಟು, ಉಳಿದದ್ದನ್ನು ಮುಚ್ಚಿ ಮೇಜಿನ ಆ ತುದಿಗೆ ತಳ್ಳಿದರು. ಎರಡು ಗಂಟೆ ಅದೊಂದರಲ್ಲೇ ಕೂರಿಸಿದರು. ಆಮೇಲೆ ಗೊತ್ತಾಯಿತು, ಅವರು ನೋಡುತ್ತಿದ್ದದ್ದು ನನ್ನ ಪಿಕ್ ಹಿಡಿದ ಕೈಯನ್ನಲ್ಲ. ಎಡಗೈ ತೋರುಬೆರಳನ್ನು. ಟೆನ್ಷನ್ ಟೂಲಿನ ಮೇಲೆ ಇಟ್ಟಿದ್ದ ಬೆರಳಿನ ಉಗುರು ಬೆಳ್ಳಗಾಗಿತ್ತು. ಅಷ್ಟು ಒತ್ತುತ್ತಿದ್ದೆ. ಅವರು ನನ್ನ ಬೆರಳೆತ್ತಿ, ತಮ್ಮ ಬೆರಳನ್ನು ನನ್ನ ಅಂಗೈ ಮೇಲಿಟ್ಟು ಎಷ್ಟು ಒತ್ತಬೇಕು ಅಂತ ತೋರಿಸಿದರು. ಹಾಲಿನ ಕೆನೆ ಹರಿಯದ ಹಾಗೆ ಪಕ್ಕಕ್ಕೆ ಸರಿಸುತ್ತೇವಲ್ಲ, ಅಷ್ಟೇ.

ಅದಕ್ಕೇ ಹೇಳುತ್ತೇನೆ ಗಿರಿ, ದುಡ್ಡನ್ನು ಟೆನ್ಷನ್ ಟೂಲಿಗೆ ಹಾಕಿ. ಪಿಕ್ ಒಂದು ಸಾಕು. ಟೆನ್ಷನ್ ಟೂಲ್ ನಾಲ್ಕೈದು ಅಗಲ, ದಪ್ಪದಲ್ಲಿ ಇರಲಿ. ಎರಡು ಬಗೆ ಉಂಟು. ಒಂದು ಕೀ ತೂತಿನಲ್ಲಿ ಪಿನ್ನಿನ ಎದುರು ಕಡೆ ಕೂರುವ, ಎಲ್ ಆಕಾರದ ಪಟ್ಟಿ. ಎಲ್ಲರೂ ನೋಡಿರುವುದು ಇದನ್ನೇ. ಇನ್ನೊಂದು ಪಿನ್ ಇರುವ ಕಡೆಯೇ, ಬಾಯಿಯ ಅಂಚಿನಲ್ಲಿ ಸಿಕ್ಕಿ ಕೂರುವ ಗಟ್ಟಿ ಪಟ್ಟಿ, ಸುಮಾರು 1 ಮಿ.ಮೀ. ದಪ್ಪ. ಇದು ಕೂತರೆ ಪಿಕ್ ಆಡಿಸಲು ಪೂರ್ತಿ ಜಾಗ ಸಿಗುತ್ತದೆ, ಬೆರಳಿಗೆ ಸುದ್ದಿಯೂ ಚೆನ್ನಾಗಿ ಬರುತ್ತದೆ. ಜಾರಿ ಬಿದ್ದರೆ ಅಗಲ ಸರಿಯಿಲ್ಲ ಅಂತ ಅರ್ಥ, ಬೇರೆಯದು ಹಾಕಿ. ನಾಲ್ಕೈದು ಬೇಕು ಅನ್ನುವುದು ಇದಕ್ಕೇ.

ಗಿರಿನಗರದ_ಗಿರಿ (ಬೆಂಗಳೂರು)

ಪಿಕ್‌ನ ದಪ್ಪ 0.6 ಮಿ.ಮೀ., 0.5 ಮಿ.ಮೀ., 0.4 ಅಂತೆಲ್ಲ ಇದೆಯಲ್ಲ. ಯಾವುದು?

ಹ್ಯಾಂಬರ್ಗ್_ಸುಮಾ

ಇಲ್ಲಿ ಯೂರೋಪಿನ ಸಿಲಿಂಡರ್‌ಗಳ ಕೀ ತೂತು ಸಂದಿಗೊಂದಿ, ಹಾವಿನ ಹಾಗೆ. ಅದಕ್ಕೆ 0.4, 0.5 ಬೇಕಾಗುತ್ತದೆ. ಅಮೆರಿಕದ ಶ್ಲೇಗ್, ಕ್ವಿಕ್‌ಸೆಟ್ ಕಂಪನಿಗಳ ಬೀಗದ ತೂತು ಅಗಲ, 0.6 ಆರಾಮಾಗಿ ಹೋಗುತ್ತದೆ. ಹೊಸಬರಿಗೆ 0.6 ಒಳ್ಳೆಯದು. ತೆಳ್ಳಗಿನದ್ದು ಹೊಸಬರ ಕೈಯಲ್ಲಿ ಬಾಗುತ್ತದೆ, ಇಲ್ಲ ಮುರಿಯುತ್ತದೆ. ಎರಡನೆಯದು ಕೊಳ್ಳುವಾಗ 0.5 ತೆಗೆದುಕೊಳ್ಳಿ.

ಕಂಪನಿ ಹೆಸರು ಬೇಕಿದ್ದರೆ: ಅಮೆರಿಕದ ಪೀಟರ್‌ಸನ್, ಸೌತ್‌ಆರ್ಡ್, ಕೆನಡಾದ ಸ್ಪ್ಯಾರೋಸ್, ಇಲ್ಲಿ ಬಾನ್ ನಗರದ ಮಲ್ಟಿಪಿಕ್. ಎಲ್ಲರೂ ಬಿಡಿಬಿಡಿಯಾಗಿ ಮಾರುತ್ತಾರೆ. ಸೆಟ್ ಕಡೆ ನೋಡಲೇಬೇಡಿ.

ಪೀಣ್ಯ_ಫಿಟ್ಟರ್

ಹೊರದೇಶದಿಂದ ತರಿಸಿದರೆ ಟೂಲಿಗಿಂತ ಸಾಗಣೆ ಮತ್ತು ಕಸ್ಟಮ್ಸ್ ಜಾಸ್ತಿ ಆಗಬಹುದು. ಗಿರಿ ಇರುವುದು ಬೆಂಗಳೂರಿನಲ್ಲಿ. ಜೆ.ಸಿ. ರಸ್ತೆಗೆ ಹೋಗಿ ಒಂದು ಫೀಲರ್ ಗೇಜ್ ಕೊಳ್ಳಿ. ಮೆಕ್ಯಾನಿಕ್‌ಗಳು ವಾಲ್ವ್ ಸಂದು ಅಳೆಯುತ್ತಾರಲ್ಲ, ಅದು. ಒಂದೇ ಹಿಡಿಯಲ್ಲಿ 0.4, 0.5, 0.6 ಎಲ್ಲ ದಪ್ಪದ ಸ್ಪ್ರಿಂಗ್ ಸ್ಟೀಲ್ ಎಲೆಗಳು ಇರುತ್ತವೆ. ದಪ್ಪ ಮೇಲೇ ಅಚ್ಚಾಗಿರುತ್ತದೆ. ಅದು ಬೇಡವಾದರೆ ಹ್ಯಾಕ್ಸಾ ಬ್ಲೇಡ್. ಟೆನ್ಷನ್ ಟೂಲಿಗೆ ಕಾರಿನ ಹಳೇ ವೈಪರ್ ಬ್ಲೇಡ್ ಒಳಗಿನ ಸ್ಟೀಲ್ ಪಟ್ಟಿ, ಅದಕ್ಕಿಂತ ಚೆನ್ನಾಗಿರುವುದು ಸಿಗಲ್ಲ. ಗ್ಯಾರೇಜಿನವರು ಸುಮ್ನೆ ಕೊಡುತ್ತಾರೆ.

ಹುಕ್ಕಿನ ಚಿತ್ರ ಕಾಗದದ ಮೇಲೆ ಬರೆದು ಎಲೆಗೆ ಅಂಟಿಸಿ. ಬೆಂಚ್ ಗ್ರೈಂಡರ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಅರದಿಂದ ಆ ಗೆರೆಯವರೆಗೆ ತನ್ನಿ. ಗ್ರೈಂಡರ್ ಆದರೆ ಪಕ್ಕದಲ್ಲಿ ಒಂದು ಲೋಟ ನೀರಿರಲಿ. ಬರಿಗೈಯಲ್ಲಿ ಹಿಡಿಯಿರಿ. ಬೆರಳಿಗೆ ಬಿಸಿ ತಟ್ಟಿದ ತಕ್ಷಣ ನೀರಿಗೆ ಅದ್ದಿ. ತುದಿ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಹದ ಹೋಯಿತು, ಆ ತುಂಡು ಎಸೆಯಿರಿ. ಅದು ಪಿಕ್ ಆಗಲ್ಲ, ಬಾಗುವ ತಂತಿ ಆಗುತ್ತದೆ. ಕಣ್ಣಿಗೆ ಕನ್ನಡಕ ಹಾಕದೆ ಗ್ರೈಂಡರ್ ಹತ್ತಿರ ಹೋಗಬೇಡಿ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ.

ಆಕಾರ ಬಂದ ಮೇಲೆ ನಿಜವಾದ ಕೆಲಸ ಶುರು. 400 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಎಮರಿ ಕಾಗದ), ಆಮೇಲೆ 800, ಆಮೇಲೆ 1200. ಪಿನ್ನಿಗೆ ತಾಗುವ ತುದಿ, ತೂತಿಗೆ ಉಜ್ಜುವ ಬೆನ್ನು, ಎರಡನ್ನೂ ಕನ್ನಡಿ ಮಾಡಿ. ತುಟಿಯ ಮೇಲೆ ಎಳೆದು ನೋಡಿ, ಎಲ್ಲೂ ಹಿಡಿಯಬಾರದು. ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿದರೆ ಆಯಿತು. ಅಂಗಡಿಯದಕ್ಕೆ ಯಾಕೆ ಅಷ್ಟು ಬೆಲೆ ಅಂತ ಕೇಳಿದ್ದಿರಲ್ಲ? ಒಂದು ಪಿಕ್ ಪಾಲಿಶ್ ಮಾಡಿ, ಗೊತ್ತಾಗುತ್ತದೆ.

ಧಾರವಾಡದ_ಕೀಲಿ

ಫಿಟ್ಟರ್ ಅಣ್ಣಾ, ತುಟಿ ಮೇಲೆ ಎಳೆಯುವುದು ಒಂದು ಬಿಟ್ಟು ಉಳಿದದ್ದೆಲ್ಲ ಮಾಡುತ್ತೇನೆ.

ಬಳಕೆಯಲ್ಲಿರುವ ಬೀಗ ಮುಟ್ಟಬೇಡಿ ಅಂತ ಸುಮಾ ಅವರು ಹೇಳಿದ್ದಕ್ಕೆ ನನ್ನ ಕಥೆ ಸೇರಿಸುತ್ತೇನೆ. ಹೋದ ವರ್ಷ ದೀಪಾವಳಿ ಹಿಂದಿನ ಸಂಜೆ. ನಮ್ಮದೇ ಕಾಂಪೌಂಡ್ ಗೇಟು, ನಮ್ಮದೇ ಬೀಗ. ಭಾವನಿಗೆ ತೋರಿಸಬೇಕು ಅನ್ನುವ ಹುಮ್ಮಸ್ಸು. ಅದೇ ಅಗ್ಗದ ಸೆಟ್ಟಿನ ಹುಕ್ ಹಾಕಿ ಒಂದು ಪಿನ್ ಎತ್ತಿದೆ, ಟಕ್ ಅಂತು. ಭಾವ ಚಪ್ಪಾಳೆ ತಟ್ಟಿದ. ನೋಡಿದರೆ ಟಕ್ ಅಂದಿದ್ದು ಪಿನ್ನಲ್ಲ, ಹುಕ್ಕಿನ ಮೂಗು. ಒಳಗೇ ಮುರಿದು ಕೂತಿತು. ಈಗ ಕೀ ಕೂಡ ಒಳಗೆ ಹೋಗಲ್ಲ. ಕಾರು ಒಳಗೆ, ಅತ್ತೆ ಮಾವ ಹೊರಗೆ, ಕೈಯಲ್ಲಿ ಕರದಂಟಿನ ಡಬ್ಬಿ. ಕಡೆಗೆ ಪಕ್ಕದ ಬೀದಿಯ ವೆಲ್ಡಿಂಗ್‌ನವನು ಬಂದು ಬೀಗದ ಕೊಂಡಿ ಕತ್ತರಿಸಿದ. ಹಬ್ಬದ ದಿನ ಅಂತ ಡಬಲ್ ಕೂಲಿ. ಇಂಜಿನಿಯರ್ ಅಳಿಯ ಅಂತ ಮಾವ ಇವತ್ತಿಗೂ ಒತ್ತಿ ಹೇಳುತ್ತಾರೆ.

ಗಿರಿನಗರದ_ಗಿರಿ (ಬೆಂಗಳೂರು)

ನಕ್ಕು ನಕ್ಕು ಸಾಕಾಯಿತು. ಸರಿ, ಇದನ್ನು ಇಟ್ಟುಕೊಳ್ಳುವುದು ಕಾನೂನು ಪ್ರಕಾರ ಪರವಾಗಿಲ್ವಾ?

ಕೋರ್ಟು_ಕಚೇರಿ (ಹಾಸನ)

ಮನೆಯಲ್ಲಿ ಕೂತು ನಿಮ್ಮ ಬೀಗ ನೀವು ತೆಗೆಯಿರಿ, ಯಾರ ಅಡ್ಡಿಯೂ ಇಲ್ಲ. ಆದರೆ ಬೆನ್ನಿನ ಚೀಲದಲ್ಲಿ ಹಾಕಿಕೊಂಡು ರಾತ್ರಿ ಹನ್ನೊಂದಕ್ಕೆ ಸುತ್ತಬೇಡಿ. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಪ್ರಕಾರ ಸೂರ್ಯ ಮುಳುಗಿದ ಮೇಲೆ ಮನೆ ಒಡೆಯುವ ಸಲಕರಣೆ ಹಿಡಿದು ಸರಿಯಾದ ಕಾರಣ ಹೇಳದೆ ಸಿಕ್ಕಿಬಿದ್ದರೆ ಅದೇ ಒಂದು ಅಪರಾಧ. ನಾಕಾಬಂದಿಯಲ್ಲಿ ನಿಂತ ಕಾನ್‌ಸ್ಟೇಬಲ್‌ಗೆ ಹ್ಯಾಂಬರ್ಗ್‌ನ ಕ್ಲಬ್ಬಿನ ಕಥೆ ಹೇಳಿ ಒಪ್ಪಿಸುವ ಧೈರ್ಯ ನನಗಂತೂ ಇಲ್ಲ. ಪ್ರವಾಸ ಹೋಗುವವರೂ ನೋಡಿಕೊಳ್ಳಿ, ಜಪಾನ್‌ನಲ್ಲಿ ಇಂಥ ಟೂಲ್ ಇಟ್ಟುಕೊಳ್ಳುವುದರ ವಿರುದ್ಧವೇ 2003ರಲ್ಲಿ ಕಾಯ್ದೆ ಮಾಡಿದ್ದಾರೆ.

ಅಮ್ಮನಿಗೆ ಮೊದಲೇ ಹೇಳಿಬಿಡಿ. ಅವರು ಸಾಕ್ಷಿಗೆ ಬೇಕಾಗಬಹುದು!

ಹಳೇಬೀಗ (ಮೈಸೂರು)

ಟೂಲ್ ಮಾತು ಸಾಕಷ್ಟು ಆಯಿತು. ಬೀಗದ ಬಗ್ಗೆ ಒಂದು ಮಾತು. ಹೊಸಬರು ಅರ್ಧ ತಪ್ಪು ಮಾಡುವುದು ಅಲ್ಲಿ.

ಆ ಪ್ಲಾಸ್ಟಿಕ್ ಬೀಗದಲ್ಲಿ ಒಳಗೆ ಏನಾಗುತ್ತದೆ ಅಂತ ಒಂದು ಸಂಜೆ ನೋಡಿ, ಆಮೇಲೆ ಮಕ್ಕಳಿಗೆ ಕೊಡಿ. ಅದರ ತೂತುಗಳು ಎಷ್ಟು ಸಡಿಲ ಅಂದರೆ ಉಸಿರು ಬಿಟ್ಟರೂ ತೆಗೆಯುತ್ತದೆ. ಜೊತೆಗೆ ನೀವು ಕಣ್ಣಿನಿಂದ ಪಿಕ್ ಮಾಡಲು ಕಲಿಯುತ್ತೀರಿ. ಕಲಿಯಬೇಕಾದ್ದು ಬೆರಳು.

ಕೀ ಇರುವ ಬೀಗ ಕೊಳ್ಳಿ. ಗುಜರಿಯಲ್ಲಿ ಕೀ ಇಲ್ಲದ ಬೀಗ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ತೆಗೆಯದಿದ್ದಾಗ ತಪ್ಪು ನಿಮ್ಮದೋ ತುಕ್ಕಿನದೋ ಗೊತ್ತಾಗಲ್ಲ. ಕೀ ಇದ್ದರೆ ಇನ್ನೊಂದು ಲಾಭ. ಕೀಯ ಹಲ್ಲು ನೋಡಿ. ಗುಡ್ಡ ಕಣಿವೆ ಎಲ್ಲ ಹತ್ತಿರ ಹತ್ತಿರದ ಎತ್ತರದಲ್ಲಿ ಇದ್ದರೆ ಚಿಕ್ಕ ಹುಕ್ ಸಾಕು. ಮುಂದೆ ತೀರಾ ತಗ್ಗಿನ ಪಿನ್, ಅದರ ಹಿಂದೆ ಎತ್ತರಕ್ಕೆ ಎತ್ತಬೇಕಾದ ಪಿನ್ ಇದ್ದರೆ ಚಿಕ್ಕ ಹುಕ್ ಅಲ್ಲಿಗೆ ಎಟುಕಲ್ಲ, ಉದ್ದ ಮೂಗಿನದ್ದು ಬೇಕು. ಎರಡನೇ ಪಿಕ್ ಯಾವುದು ಕೊಳ್ಳಬೇಕು ಅಂತ ನಿಮ್ಮ ಬೀಗದ ಕೀ ಹೇಳುತ್ತದೆ, ನಾವಲ್ಲ.

ನಾಲ್ಕು ಪಿನ್ನಿನ ಸಾಧಾರಣ ಪ್ಯಾಡ್‌ಲಾಕ್‌ನಿಂದ ಶುರು ಮಾಡಿ. ಅಮೆರಿಕದವರು ಮಾಸ್ಟರ್ ಲಾಕ್ ನಂಬರ್ 3 ಅನ್ನುತ್ತಾರಲ್ಲ, ಅದರಲ್ಲೂ ನಾಲ್ಕೇ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಚಪ್ಪಟೆ ಕೀಯ ಸಣ್ಣ ಹಿತ್ತಾಳೆ ಬೀಗ ಕೇಳಿ. ಎಲ್ಲ ಪಿನ್ ಒಟ್ಟಿಗೆ ಬಿಗಿಯಾಗಲ್ಲ. ತೂತು ಕೊರೆದ ಸಾಲು ಕೂದಲೆಳೆಯಷ್ಟು ಸೊಟ್ಟಗಿರುತ್ತದೆ, ಹಾಗಾಗಿ ಟೆನ್ಷನ್ ಕೊಟ್ಟಾಗ ಒಂದು ಪಿನ್ ಮಾತ್ರ ಬಿಗಿಯಾಗಿ ನಿಲ್ಲುತ್ತದೆ. ಉಳಿದವು ಸ್ಪ್ರಿಂಗಿನ ಮೇಲೆ ಕುಣಿಯುತ್ತವೆ. ಬಿಗಿಯಾದದ್ದನ್ನು ಹುಡುಕಿ ಎತ್ತಬೇಕು, ಅದು ಕೂತ ಮೇಲೆ ಇನ್ನೊಂದು ಬಿಗಿಯಾಗುತ್ತದೆ. ಇಷ್ಟೇ ಆಟ.

ಮತ್ತೆ, ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡಬೇಡಿ. ನಮ್ಮ ಮನೆಗಳ ದೊಡ್ಡ ರೋಗ ಅದು. ಚಳಿಗೆ ಗಟ್ಟಿಯಾಗುತ್ತದೆ, ಧೂಳು ಸೇರಿ ಅಂಟಾಗುತ್ತದೆ, ಪಿನ್ ಕೆಳಗಿಳಿಯುವುದೇ ಇಲ್ಲ. ಬೇಕಿದ್ದರೆ ಗ್ರಾಫೈಟ್ ಪುಡಿ.

ಗಿರಿನಗರದ_ಗಿರಿ (ಬೆಂಗಳೂರು), ಮೂರು ವಾರದ ನಂತರ

ವರದಿ ಒಪ್ಪಿಸುತ್ತಿದ್ದೇನೆ. ಸೆಟ್ ಕೊಳ್ಳಲಿಲ್ಲ. 0.6ರ ಒಂದು ಚಿಕ್ಕ ಹುಕ್ ತರಿಸಿದೆ. ಫೀಲರ್ ಗೇಜ್‌ನಿಂದ ಒಂದು ಹುಕ್ ನಾನೇ ಮಾಡಿದೆ. ಮೊದಲನೆಯದು ನೀಲಿಯಾಯಿತು, ಎರಡನೆಯದು ಪರವಾಗಿಲ್ಲ. ವೈಪರ್ ಪಟ್ಟಿಯಿಂದ ಟೆನ್ಷನ್ ಟೂಲ್ ನಾಲ್ಕು. ಅಂಗಡಿಯಲ್ಲಿ ಚಪ್ಪಟೆ ಕೀಯ ಬೀಗ ಎರಡು.

ಒಂಬತ್ತು ದಿನ ಏನೂ ಆಗಲಿಲ್ಲ. ಹತ್ತನೇ ದಿನ ರಾತ್ರಿ ಕರೆಂಟ್ ಹೋಯಿತು. ಕತ್ತಲಲ್ಲಿ ಸುಮ್ನೆ ಕೂತು ಕೈಯಾಡಿಸುತ್ತಿದ್ದೆ. ಮೂರನೇ ಪಿನ್ ಹತ್ತಿರ ಸಣ್ಣದಾಗಿ ಒಂದು ಟಿಕ್. ಕೇಳಿಸಿದ್ದಲ್ಲ, ಬೆರಳಿಗೆ ಬಂದಿದ್ದು. ಆಮೇಲೆ ಒಂದನೆಯದು. ಆಮೇಲೆ ಕೊಂಡಿ ಹಾರಿ ಮೊಣಕಾಲಿಗೆ ಬಡಿಯಿತು. ಕೂಗಿದ ಸದ್ದಿಗೆ ಅಮ್ಮ ಟಾರ್ಚ್ ಹಿಡಿದು ಬಂದರು. ಎಲ್ಲ ಹೇಳಿಬಿಟ್ಟೆ.

ಈಗ ಎರಡನೇ ಬೀಗ. ಅದು ಸ್ವಲ್ಪ ತಿರುಗಿ ನಿಂತುಬಿಡುತ್ತದೆ. ತೆಗೆದೇ ಬಿಟ್ಟಿತು ಅನಿಸುತ್ತದೆ, ತೆಗೆದಿರಲ್ಲ.

ಹಳೇಬೀಗ (ಮೈಸೂರು)

ಭಲೇ! ಎರಡನೆಯದರಲ್ಲಿ ಸ್ಪೂಲ್ ಪಿನ್ ಇರಬೇಕು. ನಡು ಸಣ್ಣಗಿರುವ ಪಿನ್, ಡಮರುಗದ ಹಾಗೆ. ಅದರ ನಡು ಸಿಕ್ಕಿಕೊಂಡು ಪ್ಲಗ್ ಅಷ್ಟು ತಿರುಗುತ್ತದೆ. ಆ ಪಿನ್ ಒತ್ತಿದಾಗ ಟೆನ್ಷನ್ ಟೂಲ್ ನಿಮ್ಮ ಬೆರಳನ್ನು ಹಿಂದಕ್ಕೆ ತಳ್ಳುತ್ತದೆ. ತಳ್ಳಲಿ, ಬಿಡಿ. ಬೆರಳು ಸ್ವಲ್ಪ ಸಡಿಲಿಸಿ. ಒಂದೆರಡು ಪಿನ್ ಬಿದ್ದುಹೋದರೆ ಮತ್ತೆ ಎತ್ತಿ. ಹೊಸ ಟೂಲ್ ಕೊಳ್ಳಬೇಡಿ, ಇದ್ದದ್ದೇ ಸಾಕು.

ಸುಮ್ನೆ_ಕೆರೆಯೋನು (ಮಂಗಳೂರು)

ಒಂದು ಬೊಗೋಟಾ...

ಹಳೇಬೀಗ (ಮೈಸೂರು)

ಸುಮ್ನಿರಿ.

ಗಿರಿನಗರದ_ಗಿರಿ (ಬೆಂಗಳೂರು)

ಅಮ್ಮನ ವಿಷಯ ಹೇಳಲು ಮರೆತೆ. ಬೈಯಲಿಲ್ಲ. ಮಾರನೇ ದಿನ, ಬೀರುವಿನ ಸಣ್ಣ ಡ್ರಾಯರ್ ಕೀ ಕಳೆದು ವರ್ಷವಾಯಿತು, ಅದನ್ನು ತೆಗೆದುಕೊಡು ಅಂದರು. ಬಳಕೆಯಲ್ಲಿರುವ ಬೀಗ ಮುಟ್ಟುವ ಹಾಗಿಲ್ಲ ಅಂತ ನಿಯಮ ಹೇಳಿದೆ. ನನ್ನನ್ನು ಎರಡು ನಿಮಿಷ ನೋಡಿದರು. ತಲೆಯಿಂದ ಹೇರ್‌ಪಿನ್ ತೆಗೆದರು. ಡ್ರಾಯರ್ ತೆಗೆಯಿತು.

ಹ್ಯಾಂಬರ್ಗ್_ಸುಮಾ

ಬೀರು ಡ್ರಾಯರ್ ಹೆಚ್ಚಾಗಿ ವೇಫರ್ ಬೀಗ, ಪಿನ್ನಿನ ಬದಲು ಚಪ್ಪಟೆ ತಗಡು ಇರುವುದು, ಸುಲಭ. ಆದರೂ, ಟೆನ್ಷನ್ ಯಾವುದರಲ್ಲಿ ಕೊಟ್ಟರು ಅಂತ ಕೇಳಿ ಬರೆಯಿರಿ.